ವಾರದ ಲೆಕ್ಕ, ಮನೆಯ ಗೆಲುವು

ನಮ್ಮ ಗಡಿನಾಡಿನ ಬದುಕನ್ನು ಅಳೆಯುವ ಕೋಲು ಯಾವುದು ಎಂದು ಯಾರಾದರೂ ಕೇಳಿದರೆ, 'ವಾರ' ಎಂದು ಉತ್ತರಿಸಬೇಕಾಗುತ್ತದೆ. ಸಂತೆ ಕೂಡುವುದು ವಾರಕ್ಕೊಮ್ಮೆ. ಕೂಲಿಯ ಬಟವಾಡೆ ವಾರಕ್ಕೊಮ್ಮೆ. ಮನೆದೇವರ ಹೆಸರಿನಲ್ಲಿ ಒಪ್ಪೊತ್ತು ಇರುವವರು 'ಇಂದು ನಮ್ಮ ಮನೆಯ ವಾರ' ಎನ್ನುತ್ತಾರೆ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಒಕ್ಕಲು ಮನೆಗಳು ಇಂದಿಗೂ ಉಂಟು. ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದರು. ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಲ್ಲುವುದೂ ವಾರಕ್ಕೊಮ್ಮೆಯೇ. ತಿಂಗಳು ಸಂಬಳದವರ ಅಳತೆ. ವರ್ಷ ಮಳೆಯ ಅಳತೆ. ಒಲೆ ಹೊತ್ತಿಸಿ ಮನೆ ನಡೆಸುವವಳ ಅಳತೆ ಮಾತ್ರ ವಾರವೇ.

ಆದರೆ ನಾವು ಗೆಲುವನ್ನು ಮಾತ್ರ ಈ ಅಳತೆಯಿಂದ ಅಳೆಯುವುದಿಲ್ಲ. ಮನೆ ಕಟ್ಟಿದ್ದು, ಮಗಳ ಮದುವೆ ಮಾಡಿದ್ದು, ಕೊಳವೆಬಾವಿಯಲ್ಲಿ ನೀರು ಬಿದ್ದದ್ದು, ಮಗನಿಗೆ ನೌಕರಿಯಾದದ್ದು — ಇಷ್ಟೇ ನಮ್ಮ ಪಾಲಿಗೆ ಗೆಲುವುಗಳು. ಉಳಿದ ದಿನಗಳೆಲ್ಲ ಲೆಕ್ಕಕ್ಕೆ ಬಾರದ ದಿನಗಳು. ಈ ಮನೋಭಾವವನ್ನು ಬದಲಿಸಿಕೊಳ್ಳಬೇಕು, ವಾರದ ಸಣ್ಣ ಗೆಲುವನ್ನು ಮನೆಯವರೆಲ್ಲ ಕೂಡಿ ಗುರುತಿಸುವ ರೂಢಿಯನ್ನು ಬೆಳೆಸಿಕೊಳ್ಳಬೇಕು ಎಂಬುದು ಈ ಬರಹದ ವಾದ.

ದೊಡ್ಡ ಗೆಲುವಿಗೇ ಕಾಯುವ ಈ ಅಭ್ಯಾಸ ನಮಗೆ ಸುಮ್ಮನೆ ಬಂದುದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಬಂದ ರಾಯದುರ್ಗವಾಗಲಿ, ಅದಕ್ಕೆ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾವಾಗಲಿ, ಎರಡೂ ಬರದ ಸೀಮೆಗಳೇ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನ ಮಳೆ. ಅದೂ ಬರಬೇಕಾದ ಹದಕ್ಕೆ ಬರುವುದೆಂಬ ಭರವಸೆಯಿಲ್ಲ. ರತ್ನಗಿರಿಯ ಕೋಟೆಯ ಮೇಲೆ ನಿಂತು ನೋಡಿದರೆ ಕಾಣುವ ಬೆದ್ದಲು ಹೊಲಗಳಲ್ಲಿ ಕಡಲೆಕಾಯಿ ಬಿತ್ತಿದ ರೈತನಿಗೆ ಇಡೀ ವರ್ಷದ ತೀರ್ಪು ಒಂದೆರಡು ಮಳೆಯಲ್ಲಿ ಬರೆದುಬಿಡುತ್ತದೆ. ವರ್ಷಕ್ಕೊಮ್ಮೆ ಗೆಲುವು, ಇಲ್ಲವೇ ವರ್ಷಕ್ಕೊಮ್ಮೆ ಸೋಲು. ತಲೆತಲಾಂತರದಿಂದ ಹೀಗೆ ಬದುಕಿದವರಿಗೆ ನಡುವಿನ ಐವತ್ತು ವಾರಗಳು ಕಾಯುವಿಕೆಯಾಗಿ ತೋರಿದರೆ ಅಚ್ಚರಿಯಿಲ್ಲ.

ಬದುಕು ಮಾತ್ರ ಈಗ ಹಾಗಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಎಣಿಕೆಯ ಮೇಲೆ ಕೂಲಿ. ಮಡಕಶಿರಾ ಕಡೆಯ ಹಿಪ್ಪುನೇರಳೆ ತೋಟದವರಿಗೆ ಗೂಡು ಬಿಡಿಸಿದಾಗಲೆಲ್ಲ ಕಾಸು. ಹಸು ಕಟ್ಟಿದವರಿಗೆ ಡೈರಿಯ ಹಾಲಿನ ಬಟವಾಡೆ. ತುಮಕೂರು, ಬೆಂಗಳೂರುಗಳಿಗೆ ಕಟ್ಟಡದ ಕೆಲಸಕ್ಕೆ ಹೋದವರು ವಾರದ ಕೊನೆಗೆ ಊರಿಗೆ ಕಳುಹಿಸುವ ಹಣ. ಹೀಗೆ ಆದಾಯ ಸಣ್ಣ ಸಣ್ಣ ತುಣುಕುಗಳಾಗಿ ಮನೆ ಸೇರುತ್ತಿದೆ. ಆದಾಯ ವಾರದ್ದಾಗಿದೆ, ಮನಸ್ಸು ಇನ್ನೂ ವರ್ಷದ್ದಾಗಿಯೇ ಉಳಿದಿದೆ. ತುಣುಕಾಗಿ ಬಂದ ಹಣ ತುಣುಕಾಗಿಯೇ ಕರಗುತ್ತದೆ; ಬಂದುದೂ ಕಾಣುವುದಿಲ್ಲ, ಹೋದುದೂ ಕಾಣುವುದಿಲ್ಲ.

ಕಾಣುವಂತೆ ಮಾಡಿಕೊಂಡವರು ಇಲ್ಲವೆಂದಲ್ಲ. ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತನ್ನ ಮನೆಯ ಗೋಡೆಯ ಕ್ಯಾಲೆಂಡರನ್ನು ತರಗತಿಗೆ ತಂದಿದ್ದಳು. ಪ್ರತಿ ದಿನಾಂಕದ ಕೆಳಗೆ ಹಾಲಿನ ಲೀಟರಿನ ಗುರುತು. ಕೆಲವು ದಿನಗಳಿಗೆ ಕುಂಕುಮದ ಚುಕ್ಕೆ. ಚುಕ್ಕೆ ಯಾವ ಹಬ್ಬದ್ದೆಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟು: 'ಹಬ್ಬವಲ್ಲ ಸರ್. ಅಂಗಡಿಯ ಬಾಕಿ ಪೂರ್ತಿ ತೀರಿದ ದಿನ ಅಮ್ಮ ಇಡುವ ಚುಕ್ಕೆ ಅದು.' ವರ್ಷದಲ್ಲಿ ಒಂಬತ್ತು ಚುಕ್ಕೆಗಳಿದ್ದವು. ಅಕ್ಷರ ಕಲಿಯದ ಆ ತಾಯಿ ತನ್ನ ಗೆಲುವಿಗೆ ತಾನೇ ಒಂದು ಲಿಪಿಯನ್ನು ಕಂಡುಕೊಂಡಿದ್ದಳು. ಆದರೆ ಆ ಚುಕ್ಕೆಯ ಅರ್ಥ ಮನೆಯ ಗಂಡಸರಿಗೆ ಗೊತ್ತಿರಲಿಲ್ಲ ಎಂಬ ಮಾತನ್ನೂ ಆ ಹುಡುಗಿ ಸೇರಿಸಿದಳು. ಗೆಲುವು ಇತ್ತು, ಅದನ್ನು ಕಂಡವರು ಇರಲಿಲ್ಲ.

ಸಣ್ಣ ಗೆಲುವನ್ನು ಕೂಡಿ ಕಾಣುವ ಈ ಪಾಠವನ್ನು ನಮ್ಮ ಸೀಮೆಗಳ ಹೆಂಗಸರು ನಾಲ್ಕು ದಶಕಗಳಿಂದ ಕಲಿಸುತ್ತ ಬಂದಿದ್ದಾರೆ. ಬೆಂಗಳೂರಿನಲ್ಲಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯ ಆಶ್ರಯದಲ್ಲಿ 1980ರ ದಶಕದ ನಡುವಿನಲ್ಲಿ ಸಣ್ಣ ಸಣ್ಣ ಸ್ವಸಹಾಯ ಗುಂಪುಗಳು ರೂಪುಗೊಂಡವು. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರ ಸುಮಾರಿಗೆ ಸಾರಾಯಿ ಅಂಗಡಿಯ ವಿರುದ್ಧ ಎದ್ದು ನಿಂತ ಹೆಂಗಸರ ಚಳವಳಿಯ ಬೆನ್ನಿಗೇ 'ಪೊದುಪು ಲಕ್ಷ್ಮಿ' ಎಂಬ ಉಳಿತಾಯದ ಕಾರ್ಯಕ್ರಮ ಬಂದಿತು. ದಿನಕ್ಕೆ ಒಂದು ರೂಪಾಯಿ — ಅದರ ಸೂತ್ರ ಅಷ್ಟೇ. ಸಾರಾಯಿಗೆ ಹೋಗುತ್ತಿದ್ದ ಹಣದಲ್ಲಿ ಒಂದು ರೂಪಾಯಿಯನ್ನು ಹಿಡಿದು ನಿಲ್ಲಿಸಿದುದೇ ಅಂದಿನ ಗೆಲುವು. ಅದೇ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಕರ್ನಾಟಕದಲ್ಲಿ 2000ದಲ್ಲಿ 'ಸ್ತ್ರೀಶಕ್ತಿ' ಬಂದಿತು. ಗಡಿಯ ಆಚೆ ಈಚೆ ಹೆಸರು ಬೇರೆ. ನಮ್ಮ ಹಳ್ಳಿಗಳ ಬಾಯಲ್ಲಿ ಎಲ್ಲವೂ 'ಸಂಘ'ವೇ.

ಸಂಘದ ಬಲವನ್ನು ಕೇವಲ ಹಣದಿಂದ ಅಳೆದರೆ ತಪ್ಪಾಗುತ್ತದೆ. ದಿನಕ್ಕೊಂದು ರೂಪಾಯಿಯೆಂದರೆ ವರ್ಷಕ್ಕೆ 365 ರೂಪಾಯಿ. ಹತ್ತು ಹೆಂಗಸರು ಕೂಡಿದರೂ 3,650. ಅದರಿಂದ ಯಾರ ಬಡತನವೂ ಹಿಂಗಲಿಲ್ಲ. ಆದರೆ ವಾರಕ್ಕೊಮ್ಮೆ ಚಾಪೆಯ ಮೇಲೆ ಸುತ್ತ ಕುಳಿತು, ಹೆಸರು ಕೂಗಿ, ಕಟ್ಟಿದ ಹಣವನ್ನು ಎಲ್ಲರ ಎದುರಿಗೆ ಎಣಿಸಿ, ಪುಸ್ತಕದಲ್ಲಿ ಬರೆದು, ಬರೆದುದನ್ನು ಓದಿ ಹೇಳುವ ಪದ್ಧತಿಯಿತ್ತಲ್ಲ, ಆ ಓದಿಗೆ ಬೆಲೆ ಕಟ್ಟಲಾಗದು. ಮನೆಯೊಳಗೆ ಯಾರೂ ಹೆಸರು ಹಿಡಿದು ಮೆಚ್ಚದ ಹೆಂಗಸಿನ ಹೆಸರು ಅಲ್ಲಿ ಮೊತ್ತದೊಡನೆ ಕೇಳಿಬರುತ್ತಿತ್ತು. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕದ ಪುಸ್ತಕ — ಈ ಐದೂ ತಪ್ಪದಿರಲೆಂದು ಇಂದಿಗೂ 'ಪಂಚಸೂತ್ರ'ವೆಂದು ಹೇಳಿಕೊಡುತ್ತಾರೆ. ಸಂಘದ ಚಾಪೆಯ ಮೇಲೆ ಆಗುವ ಈ ಗೌರವ ಮನೆಯ ಚಾಪೆಯ ಮೇಲೆ ಏಕಾಗಬಾರದು?

ವಾರಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತೆಯಲ್ಲ. ಕಿರುಸಾಲದ ಕಂಪನಿಗಳು ಇದೇ ವಾರದ ಲಯವನ್ನು ಹಿಡಿದು ಕಂತು ಕಟ್ಟಿಸಿಕೊಂಡವು. ಒಬ್ಬರ ಕಂತನ್ನು ಇನ್ನೊಬ್ಬರಿಂದ ತಂದ ಸಾಲದಲ್ಲಿ ತೀರಿಸುವ ಸುಳಿಗೆ ಸಾವಿರಾರು ಮನೆಗಳು ಸಿಕ್ಕಿದವು. ಆತ್ಮಹತ್ಯೆಯ ಸುದ್ದಿಗಳು ಬಂದವು. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ವಸೂಲಿಗೆ ಕಡಿವಾಣ ಹಾಕಿತು. ವಾರದ ಕಂತಿನ ಬದಲು ತಿಂಗಳ ಕಂತಿರಬೇಕೆಂದಿತು. ಹದಿನಾಲ್ಕು ವರ್ಷಗಳ ಬಳಿಕ, 2025ರ ಫೆಬ್ರವರಿಯಲ್ಲಿ, ಕರ್ನಾಟಕವೂ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಉಳಿತಾಯದ ವಾರ ಹೆಂಗಸರನ್ನು ಒಟ್ಟಿಗೆ ಕೂಡಿಸಿದರೆ, ಕಂತಿನ ವಾರ ಅವರನ್ನು ಪರಸ್ಪರ ಕಾವಲುಗಾರರನ್ನಾಗಿ ಮಾಡಿತು.

ಆದ್ದರಿಂದ ಯಾವುದನ್ನು ಗೆಲುವೆನ್ನಬೇಕು ಎಂಬ ವಿವೇಕ ಮೊದಲು ಬೇಕು. ಕಂತು ಕಟ್ಟಿ ಮಾನ ಉಳಿಸಿಕೊಂಡೆವೆಂಬ ನಿಟ್ಟುಸಿರನ್ನು ಗೆಲುವೆಂದು ಬಗೆಯಲಾಗದು, ಆ ಕಂತಿನ ಹಣ ಮತ್ತೊಂದು ಸಾಲದಿಂದ ಬಂದಿದ್ದರೆ. ಮುಂದಿನ ವಾರದಿಂದ ಏನನ್ನೂ ಕಡ ತಾರದೆ ಈ ವಾರ ದಕ್ಕಿದುದೇ ಗೆಲುವು. ಈ ಒರೆಗೆ ಹಚ್ಚಿದರೆ ಹಲವು ಸಂಗತಿಗಳು ಹೊಳೆಯುತ್ತವೆ. ಜ್ವರ ಬಂದ ಮಗುವಿನ ಔಷಧಿಗೆ ಡಬ್ಬಿಯಲ್ಲಿಯೇ ಹಣವಿತ್ತು. ದುಡಿದವನು ಬಟವಾಡೆಯ ಹಣವನ್ನು ದಾರಿಯಲ್ಲಿ ಚೆಲ್ಲದೆ ಮನೆಗೆ ತಂದನು. ಅಡವಿಟ್ಟ ಓಲೆ ಮರಳಿ ಕಿವಿಗೆ ಬಂದಿತು. ಹಿತ್ತಲ ಸೊಪ್ಪಿನಿಂದ ಮೂರು ದಿನದ ಸಾರು ನಡೆಯಿತು. ಸಿಟ್ಟಿನಲ್ಲಿ ಬೇರೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಒಂದು ಹೊತ್ತು ಒಟ್ಟಿಗೆ ಉಂಡರು. ಕೊನೆಯದರಲ್ಲಿ ಹಣದ ಮಾತೇ ಇಲ್ಲ. ಆದರೆ ಮನೆಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಜಮೆ ಯಾವುದು?

ಹಣದ ಮಾತನ್ನೇ ನೋಡುವುದಾದರೂ ಸಣ್ಣದು ಸಣ್ಣದಾಗಿ ಉಳಿಯುವುದಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲವಿದೆಯೆನ್ನಿ. ಅಸಲು ಮುಟ್ಟದಿದ್ದರೆ ವರ್ಷಕ್ಕೆ 3,600 ರೂಪಾಯಿ ಬಡ್ಡಿಯೇ ಹೋಗುತ್ತದೆ. ಸಾಲ ಮಾತ್ರ ಇದ್ದಲ್ಲಿಯೇ ಇರುತ್ತದೆ. ಬಡ್ಡಿಯ ಜೊತೆಗೆ ವಾರಕ್ಕೆ 200 ರೂಪಾಯಿಯಂತೆ ಅಸಲಿಗೆ ಸಲ್ಲಿಸಿದರೆ 50 ವಾರಗಳಲ್ಲಿ ಸಾಲ ಹರಿಯುತ್ತದೆ. ಪ್ರತಿ 200 ರೂಪಾಯಿಯೂ ತಿಂಗಳ ಬಡ್ಡಿಯಲ್ಲಿ 6 ರೂಪಾಯಿಯನ್ನು ಇಳಿಸುತ್ತದೆ. ಆರು ರೂಪಾಯಿಗೆ ಹಿಗ್ಗುವುದೇ ಎಂದು ನಗಬಹುದು. ಐವತ್ತು ವಾರ ಬಿಡದೆ ನಡೆಯಬೇಕಾದ ಹಾದಿಯಲ್ಲಿ ಐದನೆಯ ವಾರಕ್ಕೇ ಕಾಲು ಸೋಲದಿರಬೇಕಾದರೆ ಆ ಆರು ರೂಪಾಯಿಯ ಹಿಗ್ಗೇ ಆಸರೆ. 'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಹಳ್ಳವಾಗುವವರೆಗೆ ಹನಿಯನ್ನು ಕಾಣುವ ಕಣ್ಣು ಬೇಕೆಂಬುದನ್ನು ಮಾತ್ರ ಗಾದೆ ನಮ್ಮ ಪಾಲಿಗೆ ಬಿಟ್ಟಿದೆ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಬಡವರಿಗೆ ಸಣ್ಣದರಲ್ಲಿ ಸಂತೋಷಪಡಲು ಕಲಿಸುವುದು, ದೊಡ್ಡದನ್ನು ಕೇಳದಂತೆ ಅವರ ಬಾಯಿ ಕಟ್ಟುವ ಉಪಾಯವಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿಯೇ ಉದ್ಘಾಟನೆಗೊಂಡಿತು. ಅದಕ್ಕೆ ಆಧಾರವಾದ 2005ರ ಕಾಯಿದೆ ಕೂಲಿಯನ್ನು ವಾರಕ್ಕೊಮ್ಮೆ, ಹೆಚ್ಚೆಂದರೆ ಹದಿನೈದು ದಿನಗಳೊಳಗೆ ಕೊಡಬೇಕೆಂದು ವಿಧಿಸಿತ್ತು. ಕೂಲಿ ತಡವಾಗಿ ಕೈಸೇರಿದ ಅನುಭವ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆಗ 'ಇರುವುದರಲ್ಲಿ ಹಿಗ್ಗಿರಿ' ಎಂದು ಉಪದೇಶಿಸುವುದು ಕ್ರೌರ್ಯ. ಆದರೆ ವಾರದ ಲೆಕ್ಕವಿಟ್ಟ ಮನೆಗೇ ಬಾರದ ಕೂಲಿಯ ಅರಿವು ಮೊದಲು ಆಗುತ್ತದೆ. ಯಾವ ವಾರ, ಎಷ್ಟು ದಿನ, ಎಷ್ಟು ಹಣ ಎಂದು ಬೆರಳಿಟ್ಟು ಕೇಳಬಲ್ಲವರು ಅವರೇ. ಗೆಲುವನ್ನು ಎಣಿಸಬಲ್ಲವರು ಅನ್ಯಾಯವನ್ನೂ ಎಣಿಸಬಲ್ಲರು. ದಿನಕ್ಕೊಂದು ರೂಪಾಯಿ ಕೂಡಿಸಿದ ಕೈಗಳೂ ಸಾರಾಯಿ ಅಂಗಡಿಯ ಬಾಗಿಲು ಮುಚ್ಚಿಸಿದ ಕೈಗಳೂ ಬೇರೆಯಾಗಿರಲಿಲ್ಲವೆಂಬುದನ್ನು ಮರೆಯಬಾರದು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ನಾವು ಇದನ್ನು ನಿಸ್ಪೃಹತೆಯ ದೃಷ್ಟಾಂತವೆಂದು ಪಾಠ ಹೇಳಿ ಮುಗಿಸುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ: ಆ ಮನೆಯ ಒಂದು ದಿನದ ಅಳತೆ ಎಷ್ಟೆಂಬುದು ಲಕ್ಕಮ್ಮನಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಸೆರಗಿನಲ್ಲಿ ಬಂದ ಅಕ್ಕಿಯನ್ನು ನೋಡಿದೊಡನೆಯೇ ಹೆಚ್ಚಾಯಿತೆಂದು ಹೇಳಬಲ್ಲ ಆ ನಿಖರತೆಯೇ ಆಕೆಯ ಘನತೆಗೆ ಅಡಿಪಾಯ. ಸಾಕು ಎನ್ನಬಲ್ಲವರಿಗೆ ಸಾಲದು ಎನ್ನುವ ಅಧಿಕಾರವೂ ಇರುತ್ತದೆ.

ಆಚರಣೆ ಹೇಗಿರಬೇಕು? ಖರ್ಚಿಲ್ಲದಂತಿರಬೇಕು. ಸಾಲ ಮಾಡಿ ಹಬ್ಬ ಮಾಡುವ ಚಪಲಕ್ಕೆ ಇದು ಇನ್ನೊಂದು ನೆಪವಾಗಬಾರದು. ಸಂತೆಯ ದಿನ ರಾತ್ರಿಯೋ ಭಾನುವಾರದ ಸಂಜೆಯೋ ಊಟಕ್ಕೆ ಕುಳಿತಾಗ, ಓದು ಬಲ್ಲ ಮಗ ಅಥವಾ ಮಗಳು ವಾರದ ಲೆಕ್ಕವನ್ನು ಗಟ್ಟಿಯಾಗಿ ಓದಲಿ. ಏನು ದಕ್ಕಿತು, ಅದು ಯಾರಿಂದ ದಕ್ಕಿತು ಎಂದು ಹೆಸರು ಹಿಡಿದು ಹೇಳಲಿ. ದುಡಿದು ತಂದವರ ಹೆಸರಿನ ಜೊತೆಗೆ ಉಳಿಸಿದವರ ಹೆಸರೂ ಬರಲಿ. ಸೋತ ವಾರವಾದರೆ ಅದನ್ನೂ ಹಾಗೆಯೇ ಓದಲಿ. ಬೈಗುಳಕ್ಕೆ ಅಲ್ಲಿ ಎಡೆಯಿರದಿರಲಿ. ಬೆಲ್ಲದ ಒಂದು ಚೂರು ಸಾಕು ಬಾಯಿ ಸಿಹಿಗೆ.

ಇನ್ನೊಂದು ಮಾತು, ಭಾಷೆಯ ಕುರಿತು. ನಮ್ಮ ಗಡಿನಾಡಿನ ಮನೆಗಳಲ್ಲಿ ಪಡಿತರ ಚೀಟಿ, ಪಹಣಿ, ಸಂಘದ ಪುಸ್ತಕಗಳಲ್ಲಿ ತೆಲುಗು. ಬ್ಯಾಂಕಿನ ಸಂದೇಶಗಳಲ್ಲಿ ಇಂಗ್ಲಿಷು. ತೆಲುಗು ನಮ್ಮ ನೆರೆಮನೆಯ ನುಡಿ, ಅದರ ಮೇಲೆ ಮುನಿಸಿಲ್ಲ. ಆದರೆ ಮನೆಮಾತಿನಲ್ಲಿ ಬರೆದ ಲೆಕ್ಕವೊಂದು ಮನೆಯಲ್ಲಿರಲಿ. ಕನ್ನಡ ಓದಿದ ಮಕ್ಕಳಿಂದ ಮನೆಗೇನು ಪ್ರಯೋಜನ ಎಂದು ಕೇಳುವ ಹಿರಿಯರಿಗೆ, ಅಜ್ಜಿಗೆ ಅರ್ಥವಾಗುವಂತೆ ಓದಿ ಹೇಳಿದ ಒಂದು ಪುಟದ ಲೆಕ್ಕ ಉತ್ತರವಾಗಬಲ್ಲದು.

ಈ ವಾರ ಊರಿಗೆ ಹೋದಾಗ ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿರಿ. ನಿಮ್ಮ ಅಮ್ಮನೂ ಎಲ್ಲಿಯೋ ಒಂದು ಚುಕ್ಕೆಯಿಟ್ಟಿರಬಹುದು. ಅದೇನೆಂದು ಕೇಳಿರಿ, ಕೇಳುವಾಗ ಅಪ್ಪನನ್ನೂ ಹತ್ತಿರ ಕೂರಿಸಿಕೊಳ್ಳಿರಿ.