ಸ್ವಂತ ವಿಳಾಸವು ಸಣ್ಣವರಿಗೂ ಬೇಕು

ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ರಸ್ತೆಯನ್ನು ಅಗೆದಾಗ ಇಂಟರ್‌ನೆಟ್ ತಂತಿಯು ಕಡಿಯುವುದು ವಾಚಕರು ಬಲ್ಲ ಸಂಗತಿಯೇ ಸರಿ. ಆದುದರಿಂದಲೇ ಸಣ್ಣ ಆಸ್ಪತ್ರೆಗಳೂ ಕಚೇರಿಗಳೂ ಎರಡು ಕಂಪೆನಿಗಳ ಸಂಪರ್ಕವನ್ನು ಇಟ್ಟುಕೊಳ್ಳುತ್ತವೆ. ಆದರೆ ಐಪಿ ವಿಳಾಸವು ಕಂಪೆನಿಯದು. ಅದರ ತಂತಿಯು ಕಡಿದರೆ ವಿಳಾಸವೂ ನಿಂತಂತೆಯೇ. ಎರಡನೆಯ ತಂತಿಯಿಂದ ಒಳಗಿನವರು ಹೊರಹೋಗಬಹುದು. ಹಳೆಯ ವಿಳಾಸವನ್ನು ಹಿಡಿದು ಬಂದವರಿಗೆ ಬಾಗಿಲು ಮುಚ್ಚಿರುತ್ತದೆ.

ಎರಡು ಕಂಪೆನಿಗಳೂ ಲೋಕಕ್ಕೆ ಸಾರಬಲ್ಲ ಸ್ವಂತ ವಿಳಾಸವೇ ಇದಕ್ಕೆ ಮದ್ದು. ಅದನ್ನೂ, ಜಾಲವನ್ನು ಗುರುತಿಸುವ ಎಎಸ್ ಸಂಖ್ಯೆಯನ್ನೂ ಕೊಡುವ ಭಾರತದ ಕಚೇರಿಯಾದ ಐರಿನ್, ನಿಕ್ಸಿ ಸಂಸ್ಥೆಯ ಅಂಗವಾಗಿ 2012ರಿಂದ ನಡೆಯುತ್ತಿದೆ. ಆದರೆ 256ಕ್ಕಿಂತ ಚಿಕ್ಕ ಐಪಿವಿ4 ಗುಂಪನ್ನು ಲೋಕದ ಜಾಲಗಳು ಸಾಮಾನ್ಯವಾಗಿ ಮನ್ನಿಸವು. ಎಂಟು ವಿಳಾಸ ಸಾಕಾದವನೂ 256ನ್ನೇ ಬೇಡಬೇಕು. ಏಷ್ಯದ ಭಂಡಾರವಾದ ಏಪ್ನಿಕ್‌ನಲ್ಲಾದರೋ 2011ರ ಏಪ್ರಿಲಿನಿಂದ ಪಡಿಯಳೆದು ಕೊಡುವ ಕಾಲ. ಐಪಿವಿ6ಕ್ಕೆ ಈ ಬರವಿಲ್ಲ.

ಸರಕಾರಕ್ಕೆ ನಮ್ಮ ಸೂಚನೆ ಇಷ್ಟೆ: ಸಣ್ಣ ಜಾಲಗಳಿಗೆ ಶುಲ್ಕವು ಹಗುರವಾಗಲಿ; ಅರ್ಜಿಯ ಕ್ರಮವು ಕನ್ನಡದಲ್ಲಿಯೂ ದೊರೆಯಲಿ; ಗ್ರಾಹಕನ ಸ್ವಂತ ವಿಳಾಸವನ್ನು ಸಾರಲು ಕಂಪೆನಿಗಳು ಹಿಂಜರಿಯದಂತೆ ನಿಯಮವಾಗಲಿ. ಕಂಪೆನಿಯನ್ನು ಬದಲಿಸಿದರೂ ಮೊಬೈಲ್ ಸಂಖ್ಯೆಯು ತನ್ನದಾಗಿಯೇ ಉಳಿಯುವ ಅನುಕೂಲವು 2011ರಲ್ಲಿ ದೇಶದ ಜನರಿಗೆ ದೊರೆಯಿತು. ಜಾಲದ ವಿಳಾಸಕ್ಕೂ ಅದೇ ನ್ಯಾಯವು ಸಲ್ಲತಕ್ಕದ್ದು.