ಮದ್ದು ಸುಡುವ ಇರುಳು: ಮುಕ್ಕಾಲಿ ಬೇಕೆ, ಬೇಡವೆ?

ಮಕರ ಸಂಕ್ರಾಂತಿಯ ಸುಮಾರಿಗೆ ವಿಜಯಪುರದಲ್ಲಿಯೂ ಸೊಲ್ಲಾಪುರದಲ್ಲಿಯೂ ಶ್ರೀ ಸಿದ್ಧೇಶ್ವರನ ಜಾತ್ರೆ ನೆರೆಯುತ್ತದೆ. ನಂದಿಧ್ವಜಗಳ ಮೆರವಣಿಗೆ ಈ ಜಾತ್ರೆಗಳ ಹಗಲಿನ ವೈಭವವಾದರೆ, ಮದ್ದು ಸುಡುವುದು ಇರುಳಿನ ವೈಭವ. ಸೊಲ್ಲಾಪುರದ ಹೋಮ್ ಮೈದಾನದಲ್ಲಿ ನಡೆಯುವ ಈ ನೋಟವನ್ನು ಅಲ್ಲಿಯ ಮರಾಠಿ ಬಂಧುಗಳು ‘ಶೋಭೇಚೆ ದಾರೂಕಾಮ’ ಎಂದು ಕರೆಯುತ್ತಾರೆ. ಊರಿಗೆ ಊರೇ ತಲೆಯೆತ್ತಿ ನಿಲ್ಲುವ ಆ ಹೊತ್ತಿನಲ್ಲಿ ಈಗ ಕೈಗಳೂ ಮೇಲೇಳುತ್ತವೆ. ಪ್ರತಿಯೊಂದು ಕೈಯಲ್ಲಿಯೂ ಒಂದು ಮೊಬೈಲು. ಮನೆಗೆ ಬಂದು ನೋಡಿದರೆ ಚಿತ್ರದಲ್ಲಿರುವುದು ಬಿಳಿಯ ಮುದ್ದೆ, ಬೂದು ಹೊಗೆ, ಮುಂದೆ ನಿಂತವರ ತಲೆ. ಜಾತ್ರೆಗೆ ಬರಲಾಗದೆ ಮನೆಯಲ್ಲಿ ಕಾದು ಕುಳಿತ ಹಿರಿಯರಿಗೆ ಏನನ್ನು ತೋರಿಸುವುದು?

ಒಳ್ಳೆಯ ಚಿತ್ರಕ್ಕೆ ಮುಕ್ಕಾಲಿ, ಅಂದರೆ ಟ್ರೈಪಾಡ್, ಇರಲೇಬೇಕೆಂದು ಹಲವರು ನಂಬಿದ್ದಾರೆ. ಈ ಮಾತು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯಬೇಕಾದರೆ ಬಾಣಬಿರುಸಿನ ಚಿತ್ರ ಕ್ಯಾಮೆರಾದೊಳಗೆ ಮೂಡುವ ಬಗೆಯನ್ನು ಅರಿಯಬೇಕು.

ಗುಡಿಯ ಗೋಪುರವು ನಿಂತಲ್ಲಿಯೇ ನಿಂತಿರುತ್ತದೆ. ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಅದರ ಬೆಳಕು ಒಂದೇ ಕಡೆ ಸಂಗ್ರಹವಾಗಿ ಚಿತ್ರ ಬೆಳಗುತ್ತದೆ. ಆಕಾಶದಲ್ಲಿ ಸಿಡಿದ ಕಿಡಿ ಹಾಗಲ್ಲ, ಅದು ಓಡುತ್ತಿರುತ್ತದೆ. ಚಿತ್ರದ ಯಾವ ಒಂದು ಬಿಂದುವಿನಲ್ಲಿಯೂ ಅದು ಕ್ಷಣದ ಸಣ್ಣ ಅಂಶಕ್ಕಿಂತ ಹೆಚ್ಚು ಕಾಲ ನಿಲ್ಲುವುದಿಲ್ಲ. ಆದ್ದರಿಂದ ಷಟರನ್ನು ಎರಡು ಸೆಕೆಂಡು ತೆರೆದರೂ ಎಂಟು ಸೆಕೆಂಡು ತೆರೆದರೂ ಆ ಗೆರೆಯ ಹೊಳಪು ಅಷ್ಟೇ ಇರುತ್ತದೆ; ಗೆರೆ ಮಾತ್ರ ಉದ್ದವಾಗುತ್ತದೆ. ಹೊಳಪನ್ನು ನಿರ್ಧರಿಸುವುವು ಅಪರ್ಚರ್ ಎಂಬ ಬೆಳಕಿನ ಕಿಂಡಿ ಮತ್ತು ಐಎಸ್‌ಒ ಎಂಬ ಸಂವೇದನೆಯ ಅಂಕಿ, ಇವೆರಡೇ. ಈ ಒಂದು ಮಾತು ಮನಸ್ಸಿಗೆ ಹತ್ತಿತೆಂದರೆ ಮುಕ್ಕಾಲು ಪಾಲು ವಿದ್ಯೆ ಕೈವಶವಾದಂತೆಯೇ. ‘ರಾತ್ರಿಯಲ್ಲವೆ, ಕತ್ತಲೆಯಲ್ಲವೆ’ ಎಂದು ಐಎಸ್‌ಒವನ್ನು 3200ಕ್ಕೆ ಏರಿಸುವವರ ಚಿತ್ರಗಳಲ್ಲಿ ಕೆಂಪು, ಹಸಿರು, ನೀಲಿಗಳೆಲ್ಲ ಸುಟ್ಟು ಬಿಳಿಯಾಗುವುದು ಇದೇ ಕಾರಣದಿಂದ. ಕತ್ತಲೆಯಿರುವುದು ಆಕಾಶದಲ್ಲಿ, ಮದ್ದಿನಲ್ಲಿ ಬೆಳಕಿಗೆ ಕೊರತೆಯಿಲ್ಲ.

ಮುಕ್ಕಾಲಿಯಿದ್ದವರು ಐಎಸ್‌ಒವನ್ನು 100ಕ್ಕೂ ಅಪರ್ಚರನ್ನು ಎಫ್/11ಕ್ಕೂ ಇಟ್ಟು ನಾಲ್ಕು ಸೆಕೆಂಡಿನಿಂದ ಆರಂಭಿಸಬಹುದು. ಫೋಕಸನ್ನು ಯಂತ್ರದ ವಿವೇಕಕ್ಕೆ ಬಿಡದೆ, ದೂರದ ದೀಪವೊಂದಕ್ಕೆ ಕೈಯಿಂದಲೇ ಹೊಂದಿಸಿ ಹಾಗೆಯೇ ಬಿಡಬೇಕು. ಫ್ಲಾಶ್ ಖಂಡಿತ ಬೇಡ. ಅದರ ಬೆಳಕು ಕೆಲವು ಮಾರುಗಳಾಚೆ ಹೋಗಲಾರದು. ಬೆಳಗುವುದು ಮುಂದಿನವರ ಬೆನ್ನನ್ನು ಮಾತ್ರ. ಬಾಣವು ಕಿಡಿಯ ಬಾಲ ಎಳೆದುಕೊಂಡು ಮೇಲೇರುವಾಗ ಷಟರ್ ತೆರೆದು, ಅರಳಿದ ಎಸಳುಗಳು ಬಾಡಿ ಬಾಗುವಾಗ ಮುಚ್ಚಬೇಕು. ಬಲ್ಲವರು ಇನ್ನೊಂದು ಉಪಾಯ ಮಾಡುತ್ತಾರೆ. ಷಟರನ್ನು ‘ಬಿ’ ಎಂಬಲ್ಲಿಟ್ಟು ಅರ್ಧ ನಿಮಿಷ ತೆರೆದೇ ಇರಿಸಿ, ಮಸೂರದ ಮುಂದೆ ಕಪ್ಪು ರಟ್ಟನ್ನು ಹಿಡಿದಿರುತ್ತಾರೆ. ಬಾಣ ಅರಳಿದಾಗ ಮಾತ್ರ ರಟ್ಟನ್ನು ಸರಿಸುತ್ತಾರೆ. ಹೀಗೆ ಒಂದೇ ಚಿತ್ರದಲ್ಲಿ ಮೂರು ನಾಲ್ಕು ಹೂಗಳು ಮೂಡುತ್ತವೆ. ಹತ್ತನ್ನು ತುಂಬುವ ಆಸೆ ಬೇಡ, ಅದು ಗೋಜಲಾಗುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಒಮ್ಮೆಲೇ ಹಾರಿಸುವ ಹೊತ್ತಿಗೆ ಕಾಲವನ್ನು ಒಂದು ಸೆಕೆಂಡಿಗೆ ಇಳಿಸುವುದು ಲೇಸು.

ಇಷ್ಟೆಲ್ಲ ಸರಿ. ಆದರೆ ಜಾತ್ರೆಯ ಜನಸಂದಣಿಯ ನಡುವೆ ಮುಕ್ಕಾಲಿಯನ್ನು ಊರುವುದನ್ನು ಈ ಅಂಕಣ ಒಪ್ಪಲಾರದು. ಅದರ ಮೂರು ಕಾಲುಗಳು ಮೂರು ದಿಕ್ಕಿಗೆ ಚಾಚಿರುತ್ತವೆ. ಎಲ್ಲರ ದೃಷ್ಟಿಯೂ ಆಕಾಶದಲ್ಲಿರುವಾಗ, ಕತ್ತಲೆಯಲ್ಲಿ, ಮೊಮ್ಮಗುವನ್ನು ಎತ್ತಿಕೊಂಡ ಅಜ್ಜನೊಬ್ಬ ಅದಕ್ಕೆ ಎಡವಿದರೆ ಯಾವ ಚಿತ್ರ ಅದಕ್ಕೆ ಪರಿಹಾರವಾದೀತು? ಮದ್ದಿನ ಬಳಿ ಜನ ಗಾಬರಿಗೊಂಡು ಓಡುವ ಪ್ರಸಂಗ ಕಲ್ಪನೆಯದಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ನಸುಕಿನಲ್ಲಿ ಮದ್ದಿನ ದಾಸ್ತಾನು ಸ್ಫೋಟಿಸಿ ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಅಂಥ ಹೊತ್ತಿನಲ್ಲಿ ಓಡುವ ದಾರಿಗೆ ಅಡ್ಡವಾಗಿ ಯಾವ ವಸ್ತುವೂ ಇರಬಾರದು. ಮುಕ್ಕಾಲಿಯೇ ಬೇಕೆನ್ನುವವರು ಮೈದಾನವನ್ನು ಬಿಟ್ಟು ದೂರದ ಮಾಳಿಗೆಯನ್ನು ಹತ್ತಲಿ. ಚಿತ್ರಕ್ಕೂ ಅದೇ ಒಳಿತು: ಬಾಣಗಳ ಕೆಳಗೆ ಗುಡಿಯ ಶಿಖರ, ಮರಗಳ ನೆರಳು, ಊರಿನ ದೀಪಗಳು ಕಾಣಿಸಿದರೆ ಅದು ನಮ್ಮ ಊರಿನ ಜಾತ್ರೆಯೆಂದು ತಿಳಿಯುತ್ತದೆ. ಬರಿಯ ಆಕಾಶದ ಬಾಣ ಎಲ್ಲಿಯದಾದರೇನು? ದೂರವನ್ನು ಅಳೆಯುವುದೂ ಸುಲಭ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬೆಳಕು ಕಂಡು ಮೂರು ಎಣಿಸುವಷ್ಟರಲ್ಲಿ ಸದ್ದು ಕೇಳಿದರೆ ಬಾಣವು ಒಂದು ಕಿಲೋಮೀಟರ್ ದೂರದಲ್ಲಿದೆ.

ಮುಕ್ಕಾಲಿಯಿಲ್ಲದವರು ನಿರಾಶರಾಗಬೇಕಿಲ್ಲ. ಒಂದು ಬಟ್ಟೆಯ ಚೀಲದಲ್ಲಿ ಎರಡು ಸೇರು ಜೋಳ ತುಂಬಿ, ಸ್ವಲ್ಪ ಸಡಿಲವಾಗಿಯೇ ಬಾಯಿ ಕಟ್ಟಿ, ಮಾಳಿಗೆಯ ಗೋಡೆಯ ಮೇಲಿಟ್ಟು ಅದರಲ್ಲಿ ಕ್ಯಾಮೆರಾವನ್ನು ಹುದುಗಿಸಿದರೆ ಅದು ಅಲುಗಾಡುವುದಿಲ್ಲ. ಗುಂಡಿ ಒತ್ತುವ ಬೆರಳಿನ ನಡುಕವೂ ತಾಗದಂತೆ ಎರಡು ಸೆಕೆಂಡಿನ ಟೈಮರನ್ನು ಬಳಸಬೇಕು. ಅಗ್ಗದ ಇನ್ನೊಂದು ಸಾಧನವುಂಟು: ಕ್ಯಾಮೆರಾದ ತಳದಲ್ಲಿರುವ ಕಾಲಿಂಚಿನ ತಿರುಪಿನ ರಂಧ್ರಕ್ಕೆ ಹೊಂದುವ ಬೋಲ್ಟಿಗೆ ಗಟ್ಟಿ ಹುರಿಯನ್ನು ಕಟ್ಟಿ, ಹುರಿಯ ತುದಿಯನ್ನು ಪಾದದಿಂದ ಮೆಟ್ಟಿ ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯುವುದು. ಸಂದಣಿಯಲ್ಲಿ ಇದು ಯಾರಿಗೂ ತೊಡಕಲ್ಲ. ಇವೂ ಇಲ್ಲವಾದರೆ ಕಂಬಕ್ಕೋ ಗೋಡೆಗೋ ಬೆನ್ನು ಕೊಟ್ಟು, ಮೊಣಕೈಗಳನ್ನು ಪಕ್ಕೆಗೊತ್ತಿ, ಉಸಿರನ್ನು ಅರ್ಧ ಬಿಟ್ಟು ತಡೆದು, ಐಎಸ್‌ಒ 200, ಎಫ್/8, ಕಾಲು ಸೆಕೆಂಡು ಎಂದು ಪ್ರಯತ್ನಿಸಬೇಕು. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಮಸೂರವು ಕೈಯ ನಡುಕವನ್ನೂ ಹಿಗ್ಗಿಸುವುದರಿಂದ ವಿಶಾಲ ನೋಟದ ಮಸೂರವೇ ಮೇಲು. ಹೂವು ಪೂರ್ತಿ ಅರಳಿ ಕಿಡಿಗಳ ವೇಗ ತಗ್ಗಿದ ಗಳಿಗೆಯನ್ನು ಕಾಯುವ ತಾಳ್ಮೆಯಿದ್ದರೆ ಕಾಲು ಸೆಕೆಂಡಿನಲ್ಲಿಯೂ ಸೊಗಸಾದ ಎಸಳುಗಳು ಸಿಕ್ಕುತ್ತವೆ.

ಮೊಬೈಲಿನಲ್ಲಿ ಅಪರ್ಚರ್ ಸಾಮಾನ್ಯವಾಗಿ ಬದಲಾಗದು. ಅದು ಬಲು ದೊಡ್ಡ ಕಿಂಡಿಯೂ ಹೌದು. ಆದ್ದರಿಂದ ‘ಪ್ರೊ’ ವಿಧಾನದಲ್ಲಿ ಐಎಸ್‌ಒವನ್ನು ಅತಿ ಕೆಳಗಿನ ಅಂಕಿಗೆ ಇಳಿಸಿ ಒಂದು ಸೆಕೆಂಡು ತೆರೆದರೆ ಸಾಕು. ಆ ಸೌಲಭ್ಯವಿಲ್ಲದಿದ್ದರೆ ಪರದೆಯ ಮೇಲಿನ ಬಾಣವನ್ನು ಬೆರಳಿನಿಂದ ಒತ್ತಿ ಹಿಡಿದು ಹೊಳಪನ್ನು ಕೆಳಗೆ ಎಳೆಯಬೇಕು. ಇರುಳಿನ ವಿಶೇಷ ವಿಧಾನ, ಅಂದರೆ ‘ನೈಟ್ ಮೋಡ್’, ಹಲವು ಚಿತ್ರಗಳನ್ನು ಬೆರೆಸಿ ಒಂದು ಮಾಡುತ್ತದೆ. ನಿಂತ ಗುಡಿಗೆ ಅದು ಚೆನ್ನ, ಓಡುವ ಕಿಡಿಗಲ್ಲ.

ಗಾಳಿಯ ದಿಕ್ಕನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಹೊಗೆ ಆಚೆ ಸರಿಯುತ್ತದೆ. ಎದುರಿನಿಂದ ಬೀಸಿದರೆ ಹೊಗೆಯೂ ಉರಿಬೂದಿಯೂ ನಮ್ಮ ಮೇಲೆಯೇ. ಹೇಗಿದ್ದರೂ ಆಕಾಶವು ಶುಭ್ರವಾಗಿರುವ ಮೊದಲ ಕೆಲವು ನಿಮಿಷಗಳ ಚಿತ್ರಗಳೇ ಉತ್ತಮವಾಗಿರುತ್ತವೆ. ಬಣ್ಣದ ಮಾತೂ ಒಂದಿದೆ. ಕೆಂಪು ಬರುವುದು ಸ್ಟ್ರಾನ್ಷಿಯಂ ಲವಣದಿಂದ, ಹಳದಿ ಸೋಡಿಯಂನಿಂದ, ನೀಲಿ ತಾಮ್ರದಿಂದ, ಹಸಿರು ಬೇರಿಯಂನಿಂದ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪಟಾಕಿಗಳಲ್ಲಿ ಬೇರಿಯಂ ಲವಣಗಳ ಬಳಕೆಯನ್ನು ನಿಷೇಧಿಸಿ, ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಅವಧಿಯನ್ನು ಗೊತ್ತುಪಡಿಸಿತು. ನೀಲಿಯ ಜ್ವಾಲೆ ಸ್ವಭಾವತಃ ಮಂದವಾದುದು. ಐಎಸ್‌ಒ ಅತಿಯಾಗಿ ಏರಿದರೆ ನಮ್ಮ ಚಿತ್ರದ ಆ ನೀಲಿಯೂ ಮಾಯವಾಗುತ್ತದೆ.

ಜಾತ್ರೆಗೆ ಮುನ್ನ ಕೈ ಪಳಗಿಸಿಕೊಳ್ಳಲು ದೀಪಾವಳಿಯ ಅಂಗಳವೇ ಸಾಕು. ಕ್ಯಾಮೆರಾವನ್ನು ಜೋಳದ ಚೀಲದೊಡನೆ ಸ್ಟೂಲಿನ ಮೇಲಿಟ್ಟು, ಎಂಟು ಸೆಕೆಂಡು ಷಟರ್ ತೆರೆದು, ಮಗುವಿನ ಕೈಗೆ ಸುರುಸುರುಬತ್ತಿ ಕೊಟ್ಟು ಗಾಳಿಯಲ್ಲಿ ತನ್ನ ಹೆಸರನ್ನು ಬರೆಯಲು ಹೇಳಬೇಕು. ಆ ಬತ್ತಿಯ ತುದಿ 1000 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕಿ ಕಾಯುತ್ತದೆ. ಹತ್ತಿಯ ಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ನೀರಿನ ಬಕೆಟ್ಟು ಮತ್ತು ಒಬ್ಬ ಹಿರಿಯರು ಇರಲೇಬೇಕು. ನಮಗೆ ಎದುರಾಗಿ ನಿಂತು ಬರೆಯುವುದರಿಂದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತವೆ. ಚಿತ್ರವನ್ನು ಎಡಬಲ ಅದಲುಬದಲು ಮಾಡಿದರೆ ಹೆಸರು ಸರಿಯಾಗುತ್ತದೆ. ಆಗ ಮಗು ಎಡಗೈಯಿಂದ ಬರೆದಂತೆ ಕಾಣುವುದುಂಟು. ಮನೆಯ ಅಜ್ಜಿ ಅದನ್ನೇ ಮೊದಲು ಗಮನಿಸಿ ಕೇಳುತ್ತಾರೆ.