ಮಲೆನಾಡಿನ ತಂತಿ ಯಾರ ಮನೆಯ ದೀಪಕ್ಕೆ?

‘ವಿದ್ಯುತ್ತಿನ ಅಭಾವ’ ಎಂಬ ಮಾತನ್ನು ನಮ್ಮ ರಾಜಕಾರಣಿಗಳು ಎರಡೇ ಸಂದರ್ಭಗಳಲ್ಲಿ ಉಚ್ಚರಿಸುತ್ತಾರೆ: ವಿರೋಧ ಪಕ್ಷದಲ್ಲಿದ್ದಾಗ ಸರಕಾರವನ್ನು ಹಳಿಯಲು, ಅಧಿಕಾರದಲ್ಲಿದ್ದಾಗ ಕಾಡಿನೊಳಗೆ ಹೊಸ ಯೋಜನೆಯೊಂದನ್ನು ತರಲು. ಅಭಾವ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಎಂಬ ಮೂರು ಸರಳ ಪ್ರಶ್ನೆಗಳನ್ನು ಕೇಳುವವರು ವಿರಳ. ಈಗ ಅದಕ್ಕೆ ‘ಹಸಿರು’ ಎಂಬ ವಿಶೇಷಣವೂ ಸೇರಿಕೊಂಡಿದೆ. ಹಸಿರು ಎಂದೊಡನೆ ಪ್ರಶ್ನೆ ಕೇಳಬಾರದೆಂಬ ಅಲಿಖಿತ ನಿಯಮವೊಂದು ಜಾರಿಗೆ ಬಂದಂತಿದೆ. ಖಾನಾಪುರದ ಮಣ್ಣಿನಲ್ಲಿ ನಿಂತು ಆ ನಿಯಮವನ್ನು ಮುರಿಯುವುದು ನಮ್ಮ ಕರ್ತವ್ಯ.

ಮೊದಲು ಅಭಾವದ ಕಾರಣವನ್ನೇ ನೋಡೋಣ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ; ಒಣಗುತ್ತಿದ್ದ ಬೆಳೆಗೆ ನೀರೆತ್ತಲು ಪಂಪ್‌ಸೆಟ್‌ಗಳು ಅವಧಿಗೆ ಮುನ್ನವೇ ಓಡತೊಡಗಿದವು. ಅಕ್ಟೋಬರಿನಲ್ಲಿ ಸರಕಾರವು ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಕಲಮನ್ನು ಪ್ರಯೋಗಿಸಿ, ಖಾಸಗಿ ಉತ್ಪಾದಕರು ರಾಜ್ಯದ ಹೊರಗೆ ವಿದ್ಯುತ್ ಮಾರದಂತೆ ತಡೆಯಬೇಕಾಯಿತು. ರೈತರಿಗೆ ಹೇಳಿದ್ದ ಏಳು ಗಂಟೆಯ ಥ್ರೀ ಫೇಸ್ ಕರೆಂಟು ಐದು ಗಂಟೆಗೆ ಇಳಿಯಿತು. ಅಂದರೆ ನಮ್ಮ ಅಭಾವದ ಬೇರು ಮಳೆಯಲ್ಲಿದೆ, ಮಳೆಯ ಬೇರು ಕಾಡಿನಲ್ಲಿದೆ. ಅಭಾವ ನೀಗಿಸುವೆವೆಂದು ಕಾಡನ್ನೇ ಕಡಿಯುವುದು ಬೀಜದ ಭತ್ತವನ್ನು ಕುಟ್ಟಿ ಉಂಡಂತೆ.

ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಪಂಪ್‌ಸೆಟ್‌ಗಳಿಗೇ ಹೋಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಆ ನೀರು ಬಹುಮಟ್ಟಿಗೆ ಕಬ್ಬಿಗೆ. ಒಂದು ಬೆಳೆಗೆ 1500ರಿಂದ 2500 ಮಿ.ಮೀ. ನೀರು ಬೇಡುವ ಪೈರು ಅದು. ಇದಕ್ಕಾಗಿ ರೈತನನ್ನು ದೂಷಿಸುವುದು ಅನ್ಯಾಯ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ದಿನಗಟ್ಟಲೆ ಧರಣಿ ಕುಳಿತ ಮೇಲೆಯೇ ಟನ್ನಿಗೆ 3,300 ರೂಪಾಯಿ ದರ ಘೋಷಣೆಯಾಯಿತು. ಕಬ್ಬಿಗೇ ಈ ಗತಿಯಾದರೆ ಜೋಳ, ಕಡಲೆಗಳನ್ನು ನಂಬಿ ಬದುಕೆಂದು ರೈತನಿಗೆ ಹೇಳುವವರು ಯಾರು? ಹನಿ ನೀರಾವರಿಗೆ, ಕಡಿಮೆ ನೀರಿನ ಬೆಳೆಗಳ ಖಚಿತ ಖರೀದಿಗೆ ಹಣ ಹೂಡಿದರೆ ಉಳಿಯುವ ವಿದ್ಯುತ್ತು ಯಾವ ಹೊಸ ಸ್ಥಾವರಕ್ಕೂ ಕಡಿಮೆಯಲ್ಲ. ಆದರೆ ಉಳಿತಾಯಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡಲಾಗುವುದಿಲ್ಲ, ರಿಬ್ಬನ್ನು ಕತ್ತರಿಸಲಾಗುವುದಿಲ್ಲ. ಹಾಗಾಗಿ ಅದು ಯಾವ ಪ್ರಣಾಳಿಕೆಯಲ್ಲಿಯೂ ಮೊದಲ ಪುಟಕ್ಕೆ ಬರುವುದಿಲ್ಲ.

ಇನ್ನು ನಮ್ಮ ಬೆಟ್ಟಗಳ ಸಂಗತಿ. ಧಾರವಾಡದ ಬಳಿಯ ನರೇಂದ್ರದಿಂದ ಗೋವಾದ ಶೆಲ್ಡೆಗೆ 400 ಕೆ.ವಿ. ಮಾರ್ಗವನ್ನು ಒಯ್ಯುವ ಗೋವಾ–ತಮ್ನಾರ್ ಯೋಜನೆಯನ್ನು ನೋಡಿ. ತಮ್ನಾರ್ ಇರುವುದು ಛತ್ತೀಸಗಢದ ಕಲ್ಲಿದ್ದಲು ಸೀಮೆಯಲ್ಲಿ. ಮೂಲ ಪ್ರಸ್ತಾವದಂತೆ ಕರ್ನಾಟಕದ ಭಾಗದಲ್ಲಿಯೇ ಸುಮಾರು 177 ಹೆಕ್ಟೇರ್ ಅರಣ್ಯ ಅದಕ್ಕೆ ಬೇಕಿತ್ತು. ಗೋವಾದ ಮೊಲ್ಲೆಮ್‌ನಲ್ಲಿ ಜನ ಎದ್ದು ನಿಂತರು; 2021ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು, ಹೊಸ ಹಾದಿ ಕಡಿಯುವ ಬದಲು ಈಗಾಗಲೇ ಇರುವ 220 ಕೆ.ವಿ. ಮಾರ್ಗದ ಗುಂಟವೇ ತಂತಿ ಸಾಗಲಿ ಎಂದು ಶಿಫಾರಸು ಮಾಡಿತು. 2024ರಲ್ಲಿ ಕರ್ನಾಟಕವೂ ಮೂಲ ಪ್ರಸ್ತಾವವನ್ನು ನಿರಾಕರಿಸಿತು. ನಾವು ಸಂತೋಷಪಟ್ಟೆವು. ಆದರೆ ಅದೇ ವರ್ಷ ಸರಕಾರದ ಕಡೆಯಿಂದ ಬಂದ ಮಾತೇನು? ಮಹದಾಯಿಗೆ ಅಡ್ಡಿಯಾಗುವ ಗೋವಾಕ್ಕೆ ತಂತಿಯ ಒಪ್ಪಿಗೆ ಏಕೆ ಕೊಡಬೇಕು ಎಂದು! ಅಂದರೆ ಕಾಡು ಕಾಡಾಗಿ ಉಳಿಯಲಿಲ್ಲ. ಎರಡು ರಾಜ್ಯಗಳ ಚೌಕಾಸಿಯ ನಾಣ್ಯವಾಯಿತು. ಇಂದು ಕೊಡದಿರುವುದನ್ನು ನಾಳೆ ತಕ್ಕ ಬೆಲೆ ಸಿಕ್ಕರೆ ಕೊಡಬಹುದೆಂಬುದೇ ಅದರ ಅರ್ಥ.

ಮಹದಾಯಿಯ ಲೆಕ್ಕವನ್ನೂ ವಿದ್ಯಾರ್ಥಿಗಳು ಸರಿಯಾಗಿ ಓದಬೇಕು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ ನೀರು. ಅದರಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18. ಅತಿ ದೊಡ್ಡ ಪಾಲು, ಅಂದರೆ 8.02 ಟಿಎಂಸಿ, ಯಾರ ಬಾಯಾರಿಕೆಗೂ ಅಲ್ಲ, ಜಲವಿದ್ಯುತ್ತಿಗೆ. ವೇದಿಕೆಗಳ ಮೇಲೆ ಕುಡಿಯುವ ನೀರಿನ ಭಾಷಣ ಮಾಡುವವರು ಈ ಅಂಕಿಯನ್ನು ಹೇಳುವುದು ಅಪರೂಪ. ಹುಬ್ಬಳ್ಳಿ–ಧಾರವಾಡದ ತಾಯಂದಿರ ಖಾಲಿ ಕೊಡ ಸುಳ್ಳಲ್ಲ. ಆದರೆ 2022ರ ಪರಿಷ್ಕೃತ ಯೋಜನೆಯಂತೆ ಆ ನೀರನ್ನು ಪಂಪುಗಳಿಂದ ಎತ್ತಿ ಮಲಪ್ರಭೆಗೆ ಸುರಿಯಬೇಕು. ಒಂದು ಕೈಯಲ್ಲಿ ವಿದ್ಯುತ್ತಿಗಾಗಿ ನದಿ, ಇನ್ನೊಂದು ಕೈಯಲ್ಲಿ ನದಿಯನ್ನೆತ್ತಲು ವಿದ್ಯುತ್ತು!

ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕಾಪಿಡುವ ಪಂಪ್ಡ್ ಸ್ಟೋರೇಜ್ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ಮಧ್ಯಾಹ್ನ ಕೊಡುವುದನ್ನು ನಾವು ಕೇಳುವುದು ಸಂಜೆ ಏಳಕ್ಕೆ. ಆ ಅಂತರವನ್ನು ತುಂಬಲೇಬೇಕು. ಪ್ರಶ್ನೆ ಇರುವುದು ಎಲ್ಲಿ ಎಂಬುದರಲ್ಲಿ. ಶರಾವತಿಯ 2,000 ಮೆಗಾವಾಟ್ ಯೋಜನೆಯು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತದೆ. ಸವದತ್ತಿಯಲ್ಲಿ ಕೈಗೊಂಡಿರುವ ಯೋಜನೆಯು ಈಗಾಗಲೇ ಇರುವ ರೇಣುಕಾಸಾಗರವನ್ನು ಬಳಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಜ್ಞಾನವಲ್ಲ. ಆದರೆ ಸವದತ್ತಿಯವರೂ ಒಂದು ಮಾತು ನೆನಪಿಡಬೇಕು: ರೇಣುಕಾಸಾಗರದ ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಮೇಲಿನ ಕಾಡು ಸೊರಗಿದರೆ ಕೆಳಗಿನ ‘ಬ್ಯಾಟರಿ’ಯೂ ಬರಿದಾಗುತ್ತದೆ.

ಈಗ ಭೀಮಗಡಕ್ಕೆ ಬನ್ನಿ. 2011ರಲ್ಲಿ ಅಭಯಾರಣ್ಯವಾದ ಈ ಕಾಡಿನೊಳಗಿನ ಊರುಗಳಲ್ಲಿ ಹಲವಕ್ಕೆ ಇಂದಿಗೂ ಸರ್ವಋತು ರಸ್ತೆಯಿಲ್ಲ. 2024ರ ಜುಲೈನಲ್ಲಿ ಆಮಗಾಂವದ ಕಾಯಿಲೆಯ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಮಳೆಯಲ್ಲಿ ಕಾಡುದಾರಿ ನಡೆದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ಇಂಥ ಊರುಗಳು ದೀಪ ಕೇಳಿದಾಗ ಅರಣ್ಯ ಕಾನೂನು ಬೆಟ್ಟದಂತೆ ಎದುರು ನಿಲ್ಲುತ್ತದೆ, 400 ಕೆ.ವಿ. ತಂತಿ ಕೇಳಿದಾಗ ಅದೇ ಕಾನೂನಿಗೆ ಕಡತಗಳಲ್ಲಿ ದಾರಿ ಹುಡುಕಲಾಗುತ್ತದೆ. ಕೊನೆಗೆ ಊರವರಿಗೆ ಸಿಗುವ ಉತ್ತರ ಒಂದೇ: ಪರಿಹಾರ ಪಡೆದು ಹೊರಗೆ ಬನ್ನಿ. ತಳೇವಾಡಿಯ ಕುಟುಂಬಗಳು ಆ ದಾರಿಯನ್ನು ಆರಿಸಿಕೊಂಡಿವೆ. ಅದು ಅವರ ಹಕ್ಕು. ಆದರೆ ಕತ್ತಲೆಯೇ ಒಕ್ಕಲೆಬ್ಬಿಸುವ ಸಾಧನವಾದರೆ ಆ ಆಯ್ಕೆಯನ್ನು ಸ್ವಇಚ್ಛೆ ಎನ್ನಲಾಗದು.

ಬೆಟ್ಟದ ಊರಿಗೆ ದೀಪ ತರಲು ದೊಡ್ಡ ತಂತಿಯೇ ಬೇಕಿಲ್ಲ. ಸೆಕೆಂಡಿಗೆ ಹತ್ತು ಲೀಟರ್ ನೀರು ಪೈಪಿನೊಳಗೆ ಇಪ್ಪತ್ತು ಮೀಟರ್ ಇಳಿದರೆ, ಅರ್ಧ ಶಕ್ತಿ ಯಂತ್ರದಲ್ಲಿ ಸೋರಿಹೋದರೂ, ಸುಮಾರು ಒಂದು ಕಿಲೋವಾಟ್ ಉಳಿಯುತ್ತದೆ. ಹಗಲಿರುಳು ತಿರುಗಿದರೆ ದಿನಕ್ಕೆ 24 ಯೂನಿಟ್ಟು. ಹತ್ತಾರು ಮನೆಗಳ ಎಲ್‌ಇಡಿ ದೀಪ, ಮೊಬೈಲುಗಳಿಗೆ ಸಾಕು. ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ, ಅಣೆಕಟ್ಟಿಲ್ಲ, ಮುಳುಗಡೆಯಿಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿ ಇಂಥ ಕಿರುಯಂತ್ರಗಳು ಹಳೆಯ ಮಾತು. ಮಳೆಗಾಲದಲ್ಲಿ ಸೋಲಾರ್ ನಡೆಯದೆಂಬ ಆಕ್ಷೇಪ ನಿಜ. ಆದರೆ ಖಾನಾಪುರದ ಪಶ್ಚಿಮದಲ್ಲಿ ಸೂರ್ಯ ಮರೆಯಾಗುವ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಳ್ಳಗಳು ತುಂಬಿ ಹರಿಯುತ್ತವೆ. ಹಳ್ಳ ಬತ್ತುವ ಬೇಸಿಗೆಯಲ್ಲಿ ಬಿಸಿಲು ಧಾರಾಳ. ಪ್ರಕೃತಿಯೇ ಜೋಡಿ ಮಾಡಿಟ್ಟ ಈ ಎರಡನ್ನು, ಕೊಟ್ಟಿಗೆಯ ಗೋಬರ್ ಗ್ಯಾಸಿನೊಂದಿಗೆ, ಒಂದೇ ಊರಿನ ಯೋಜನೆಯಾಗಿ ಹೊಂದಿಸಬೇಕು.

ಕಾನೂನಿನಲ್ಲಿ ಅವಕಾಶವೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಸೌಲಭ್ಯಕ್ಕೆ ಒಂದು ಹೆಕ್ಟೇರಿಗೆ ಮೀರದಂತೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ ಅರಣ್ಯಭೂಮಿ ಕೊಡಲು ಅನುವು ಮಾಡುತ್ತದೆ. ಅಲ್ಲಿ ಹೆಸರಿಸಿದ 13 ಸೌಲಭ್ಯಗಳಲ್ಲಿ ವಿದ್ಯುತ್ ತಂತಿಯೂ ಇದೆ, ಅಸಾಂಪ್ರದಾಯಿಕ ಇಂಧನವೂ ಇದೆ. ಅಭಯಾರಣ್ಯದಲ್ಲಿ ವನ್ಯಜೀವಿ ಕಾನೂನನ್ನೂ ಪಾಲಿಸಬೇಕು, ನಿಜ. ಆದರೆ ಒಂದು ಪೈಪು, ಒಂದು ಕಿರುಯಂತ್ರಕ್ಕೆ ಒಂದು ಹೆಕ್ಟೇರೂ ಬೇಡ, ಮರ ಕಡಿಯಬೇಕಾಗಿಯೂ ಇಲ್ಲ.

ಆದುದರಿಂದ ಖಾನಾಪುರದ ಪ್ರತಿ ಕಾಡಿನಂಚಿನ ಗ್ರಾಮಸಭೆಯೂ ಈ ನಿರ್ಣಯವನ್ನು ಬರಹದಲ್ಲಿ ಮಂಡಿಸಲಿ. ಖಾನಾಪುರ ದಾರಿಯ ಮಚ್ಛೆಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟುಗಳನ್ನು ಎಲ್ಲಿಂದಲೋ ನಕಲಿಸುವ ಬದಲು ಒಂದೊಂದು ಹಳ್ಳದ ಹರಿವನ್ನು ಹನ್ನೆರಡು ತಿಂಗಳು ಅಳೆದು ಊರವರ ಕೈಗೆ ಕೊಡಲಿ. ಆ ಅಳತೆ, ಆ ನಿರ್ಣಯ ಎರಡನ್ನೂ ಹಿಡಿದು ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಬಾಗಿಲಿಗೆ ಹೋಗೋಣ. ಶಾಸಕರಿಗೆ ಕೇಳಬೇಕಾದುದು ಇಷ್ಟೇ: ನಮ್ಮ ನದಿಯಿಂದ, ನಮ್ಮ ಕಾಡಿನ ಮೇಲಿಂದ ಹಾದುಹೋಗುವ ಪ್ರತಿ ಯೂನಿಟ್ಟಿನ ಲೆಕ್ಕ ನಿಮ್ಮಲ್ಲಿದೆ, ನಮ್ಮ ಮನೆಗಳಿಗೆ ಬಾರದ ಯೂನಿಟ್ಟುಗಳ ಲೆಕ್ಕವನ್ನು ಯಾರು ಇಟ್ಟಿದ್ದೀರಿ?